ಗೃಹಸ್ಥರಿಗೆ ನಾಲ್ಕು ಮಾತು: ಗೋಡೆಯೊಳಗಣ ನಳ

ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಹೊಸ ಮನೆ ಕಟ್ಟಿಸುವ ಗೃಹಸ್ಥರು ತಲೆಬಾಗಿಲ ಕೆತ್ತನೆಯನ್ನು ಕುರಿತು ತಿಂಗಳುಗಟ್ಟಲೆ ಆಲೋಚಿಸುವರು. ಗೋಡೆಯೊಳಗೆ ಹುದುಗುವ ನಳಗಳ ವಿಷಯದಲ್ಲಿ ಮಾತ್ರ ಉದಾಸೀನರಾಗಿರುವುದುಂಟು. ಕಾಣುವ ದೋಷವನ್ನು ತಿದ್ದುವುದು ಸುಲಭ. ಹುದುಗಿದ ದೋಷವು ತೇವವಾಗಿ ಹೊರದೋರುವ ಹೊತ್ತಿಗೆ ಗಿಲಾವು, ಫರಸಿ, ಬಣ್ಣಗಳೆಲ್ಲ ಮುಗಿದಿರುತ್ತವೆ. ಆಗ ಒಂದು ಸಣ್ಣ ಸಂದಿಗಾಗಿ ಇಡೀ ಗೋಡೆಯನ್ನು ಒಡೆಯಬೇಕಾಗುವುದು.

ಪೂರ್ವಿಕರು ಇದನ್ನು ಬಲ್ಲವರಾಗಿದ್ದರು. ಗರ್ಭಗುಡಿಯ ಅಭಿಷೇಕಜಲವು ಹೊರಬೀಳುವ ದಾರಿಗೆ ಸಂಸ್ಕೃತದಲ್ಲಿ ಪ್ರಣಾಲವೆಂದು ಹೆಸರು; ಶಿಲ್ಪಿಯು ಅದನ್ನು ಕಟ್ಟಡದೊಡನೆಯೇ ಯೋಜಿಸುತ್ತಿದ್ದನು. ವಿಜಾಪುರದ ಆದಿಲಶಾಹಿ ಅರಸರು ಮಣ್ಣಿನ ಕೊಳವೆಗಳನ್ನು ಹೂಳಿಸಿ ನಗರಕ್ಕೆ ನೀರು ತಂದಾಗ, ನಡುನಡುವೆ ಗಂಜ್ ಎಂಬ ಗೋಪುರಗಳನ್ನು ಕಟ್ಟಿಸಿದರು. ಅಲ್ಲಿ ನೀರಿನ ಒತ್ತಡವು ತಗ್ಗಿ, ಹೂಳು ತಳಕ್ಕಿಳಿಯುತ್ತಿತ್ತು.

ಇನ್ನು ನಾವು ಮಾಡತಕ್ಕದ್ದೇನು? ಗಿಲಾವಿಗೆ ಮೊದಲು ನಳಗಳ ಬಾಯಿಗಳನ್ನೆಲ್ಲ ಮುಚ್ಚಿಸಿ, ಕೈಪಂಪಿನಿಂದ ನೀರನ್ನು ಒತ್ತಿಸಿ, ಮಾಪಕದ ಮುಳ್ಳು ಕೆಲವು ತಾಸು ಕದಲದೆ ನಿಲ್ಲುವುದೋ ಎಂದು ನೋಡಬೇಕು. ಮಾಳಿಗೆಯ ತೊಟ್ಟಿಯು 10 ಮೀಟರ್ ಎತ್ತರದಲ್ಲಿದ್ದರೆ ಒತ್ತಡವು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ. ಪರೀಕ್ಷೆಯ ಒತ್ತಡವು ಇದಕ್ಕಿಂತ ಅಧಿಕವಾಗಿರತಕ್ಕದ್ದು. ಬಿಸಿನೀರಿಗೆ ಸಾಮಾನ್ಯ ಪಿವಿಸಿ ಸಲ್ಲದು, ಸಿಪಿವಿಸಿ ಬೇಕು. 4 ಅಂಗುಲದ ಬಚ್ಚಲ ಕೊಳವೆಗೆ 5 ಅಡಿಗೆ ಸುಮಾರು 1 ಅಂಗುಲದಷ್ಟು ಇಳಿಜಾರು ಇರಲಿ. 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯಗಳು ಗೋಕಾಕಕ್ಕೆ ನುಗ್ಗಿದುದನ್ನು ಮರೆಯಬಾರದು; ತಗ್ಗಿನ ಮನೆಗಳ ಚರಂಡಿಗೆ, ನೀರು ಹಿಂದಿರುಗದಂತೆ ತಡೆಯುವ ಕವಾಟವು ಅವಶ್ಯ. ನಳಗಳನ್ನು ಮುಚ್ಚುವ ಮುನ್ನ, ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಪ್ರತಿಯೊಂದು ಗೋಡೆಯ ಛಾಯಾಚಿತ್ರವನ್ನು ತೆಗೆದಿಡಿರಿ. ಮುಂದೆ ಮೊಳೆ ಹೊಡೆಯುವವನಿಗೂ ಅದು ಉಪಕಾರಿ.

ಇಷ್ಟಾದರೂ ತಪ್ಪು ನಡೆದರೆ ವೆಚ್ಚವು ಯಾರದು? ಒಪ್ಪಿದ ನಕ್ಷೆಯನ್ನು ಬಿಟ್ಟು ಕೆಲಸಗಾರನು ಮಾಡಿದ್ದರೆ ಅವನದು. ನಾವೇ ನಡುವೆ ಮನಸ್ಸು ಬದಲಿಸಿ ಬಚ್ಚಲಿನ ಸ್ಥಳವನ್ನು ಸರಿಸಿದ್ದರೆ ನಮ್ಮದು. ನಕ್ಷೆಯೇ ಇಲ್ಲದಿದ್ದರೆ ಉಳಿಯುವುದು ಕಲಹವೊಂದೇ, ಆ ಕಲಹದಲ್ಲಿ ಸೋಲುವವನು ಸಾಮಾನ್ಯವಾಗಿ ದಿನಗೂಲಿಯ ಬಡವನು. ಆದುದರಿಂದ ಕರಾರನ್ನು ಮೊದಲೇ ಬರೆಯಿರಿ. ಕೂಲಿಯನ್ನು ಹಂತಹಂತವಾಗಿ ಕೊಟ್ಟು, ಕೊನೆಯ ಕಂತನ್ನು ಪರೀಕ್ಷೆಯ ದಿನಕ್ಕೆ ಗೊತ್ತುಮಾಡಿರಿ. ಪರೀಕ್ಷೆಯಲ್ಲಿ ನಳಗಳು ಉತ್ತೀರ್ಣವಾದರೆ, ಆ ಹಣವನ್ನು ಅಂದೇ ಸಂಜೆ ಅವನ ಕೈಗಿಡುವುದು ಗೃಹಸ್ಥಧರ್ಮವು.