ನಂಬರ್ ಹಾಕೋದು ಸಣ್ಣ ಕೆಲಸವೇ?

ಪೀಣ್ಯದಂಥ ಕಡೆ ಮಷಿನ್ ಶಾಪ್ ಸೇರುವ ಡಿಪ್ಲೊಮಾ ಹುಡುಗರಿಗೆ ಮೊದಮೊದಲು ಸಿಗುವ ಕೆಲಸಗಳಲ್ಲಿ ಒಂದು, ತಯಾರಾದ ಬಿಡಿಭಾಗಗಳ ಮೇಲೆ ನಂಬರ್ ಹಾಕುವುದು. ಸಿಎನ್‌ಸಿ ಕಲಿಯಬೇಕೆಂದು ಬಂದವರಿಗೆ ಇದು ಅವಮಾನ. ‘ಮೂರು ವರ್ಷ ಓದಿದ್ದು ಸೀಲ್ ಒತ್ತೋಕಾ?’ ಎಂದು ವಾರದೊಳಗೆ ಕೆಲಸ ಬಿಟ್ಟ ಗೆಳೆಯರು ನನಗಿದ್ದಾರೆ. ಅವರ ಸಿಟ್ಟು ಅರ್ಥವಾಗುತ್ತದೆ, ಆದರೆ ಒಪ್ಪಲಾರೆ.

ಸುತ್ತಿಗೆ, ಪಂಚ್ ಬದಲು ಹಲವೆಡೆ ಈಗ ಎಲೆಕ್ಟ್ರೊಕೆಮಿಕಲ್ ಎಚಿಂಗ್ ಬಳಸುತ್ತಾರೆ. ಅಕ್ಷರಗಳಿರುವ ಸ್ಟೆನ್ಸಿಲ್ಲನ್ನು ಜಾಬ್ ಮೇಲಿಟ್ಟು, ಲವಣದ ದ್ರಾವಣದಲ್ಲಿ ನೆನೆಸಿದ ಫೆಲ್ಟ್ ಇರುವ ಹಿಡಿಕೆಯನ್ನು ಕೆಲವು ಸೆಕೆಂಡು ಒತ್ತಬೇಕು. ಜಾಬ್‌ಗೆ ಪ್ಲಸ್, ಹಿಡಿಕೆಗೆ ಮೈನಸ್. ಡಿಸಿ ಕೊಟ್ಟರೆ ಲೋಹ ಕರಗಿ ಅಕ್ಷರ ಕೊರೆಯುತ್ತದೆ. ಎಸಿ ಕೊಟ್ಟರೆ ಆಕ್ಸೈಡ್ ಕೂತು ಕಪ್ಪಾಗಿ ಮೂಡುತ್ತದೆ. ಪಿಯುಸಿಯಲ್ಲಿ ಅಂಕಕ್ಕಾಗಿ ಬಾಯಿಪಾಠ ಮಾಡಿದ ಫ್ಯಾರಡೆ ನಿಯಮ ಇದೇ ಅಲ್ಲವೇ? ಒಂದು ಆಂಪಿಯರ್ ಕರೆಂಟ್ ಒಂದು ನಿಮಿಷ ಹರಿದರೆ, ಲೆಕ್ಕದ ಪ್ರಕಾರ ಸುಮಾರು 17 ಮಿಲಿಗ್ರಾಂ ಕಬ್ಬಿಣ ಕರಗುತ್ತದೆ.

ಪಂಚ್ ಹೊಡೆದರೆ ಅಂಚು ಉಬ್ಬುತ್ತದೆ, ತೆಳು ಭಾಗ ಬಾಗುತ್ತದೆ, ಗಟ್ಟಿಗೊಳಿಸಿದ ಉಕ್ಕಿನಲ್ಲಿ ಅಲ್ಲಿಂದಲೇ ಬಿರುಕು ಶುರುವಾಗಬಹುದು. ಎಚಿಂಗ್‌ನಲ್ಲಿ ಪೆಟ್ಟೂ ಇಲ್ಲ, ಕಾವೂ ಇಲ್ಲ. ಬೇರಿಂಗ್ ರಿಂಗ್, ಶಸ್ತ್ರಚಿಕಿತ್ಸೆಯ ಉಪಕರಣಗಳಿಗೆ ಇದು ಒಗ್ಗುವುದು ಅದಕ್ಕೇ. ಇನ್ನು ಆ ನಂಬರ್? ಐದು ವರ್ಷದ ನಂತರ ಒಂದು ಭಾಗ ಮುರಿದರೆ, ಅದು ಯಾವ ಹೀಟ್‌ನ ಉಕ್ಕು, ಯಾವ ಬ್ಯಾಚ್ ಎಂದು ಪತ್ತೆಹಚ್ಚಲು ಉಳಿದಿರುವ ಗುರುತು ಅದೊಂದೇ ಆಗಿರಬಹುದು. ನಂಬರ್ ಅದಲುಬದಲಾದರೆ ಇಡೀ ಲಾಟ್ ಅನುಮಾನಕ್ಕೆ ಬೀಳುತ್ತದೆ.

ಕೈಚಳಕವೂ ಬೇಕು. ಎಲ್ಲ ಲೋಹಕ್ಕೂ ಒಂದೇ ದ್ರಾವಣ ಆಗದು. ಫೆಲ್ಟ್ ತೀರಾ ಒದ್ದೆಯಾದರೆ ದ್ರಾವಣ ಸ್ಟೆನ್ಸಿಲ್ ಅಡಿಗೆ ನುಗ್ಗಿ ಅಕ್ಷರ ಹರಡುತ್ತದೆ. ಕೊನೆಗೆ ಸರಿಯಾಗಿ ತೊಳೆದು ಎಣ್ಣೆ ಸವರದಿದ್ದರೆ ತುಕ್ಕು ಗ್ಯಾರಂಟಿ. ಸ್ಟೇನ್‌ಲೆಸ್ ಸ್ಟೀಲ್ ಆದರೆ ವಿಷಕಾರಿ ಕ್ರೋಮಿಯಂ ಸಂಯುಕ್ತಗಳು ಉಂಟಾಗಬಹುದು. ಕೈಗವಸು, ಗಾಳಿ ಬೆಳಕು ಬೇಕೇಬೇಕು. (ಯೂಟ್ಯೂಬ್ ನೋಡಿ ಉಪ್ಪುನೀರು, ಬ್ಯಾಟರಿ ಹಿಡಿದು ಚಾಕುವಿನ ಮೇಲೆ ಹೆಸರು ಬರೆಯುವವರೂ ಇದನ್ನು ಗಮನಿಸಲಿ.)

ನನ್ನ ತಕರಾರು ಕಂಪನಿಗಳ ಮೇಲೂ ಇದೆ. ಇದಾವುದನ್ನೂ ಟ್ರೈನಿಗೆ ಹೇಳುವುದಿಲ್ಲ. ‘ಹಿಂಗಿಡು, ಹಿಂಗೊತ್ತು’ ಅಂದರೆ ಮುಗಿಯಿತು. ನಂಬರ್ ತಪ್ಪಿದ ದಿನ ಮಾತ್ರ ಬೈಗುಳವೆಲ್ಲ ಅವನಿಗೇ. ಮೊದಲ ದಿನವೇ ಡ್ರಾಯಿಂಗ್, ಮೆಟೀರಿಯಲ್ ಸರ್ಟಿಫಿಕೇಟ್ ತೋರಿಸಿ, ಈ ಅಂಕಿ ಎಲ್ಲಿಂದ ಬಂತು ಎಂದು ಹತ್ತು ನಿಮಿಷ ವಿವರಿಸಿದರೆ ಹುಡುಗ ಆ ಜಾಬನ್ನು ನೋಡುವ ರೀತಿಯೇ ಬದಲಾಗುತ್ತದೆ.

ಕಾಲೇಜುಗಳಿಗೂ ಇದು ಭಾರವಲ್ಲ. ಲ್ಯಾಬ್‌ನಲ್ಲಿ ಡಿಸಿ ಪವರ್ ಸಪ್ಲೈ ಇದೆ, ಮಿಲಿಗ್ರಾಂ ತೂಗುವ ತಕ್ಕಡಿ ಇದೆ. ಒಂದು ತುಂಡು ಮೈಲ್ಡ್ ಸ್ಟೀಲ್ ತೂಗಿ, ಎಚ್ ಮಾಡಿ, ತೊಳೆದು ಒಣಗಿಸಿ ಮತ್ತೆ ತೂಗಲಿ. ಕಳೆದುಹೋದ ತೂಕ 17ರ ಲೆಕ್ಕಕ್ಕೆ ಎಷ್ಟು ಹತ್ತಿರ ಬರುತ್ತದೆ ಎಂದು ವಿದ್ಯಾರ್ಥಿಗಳೇ ನೋಡಲಿ.