ಸಬರ್ ಮಾಡು ಎನ್ನುವ ಮೊದಲು

ಕಳೆದ ಪೆರ್ನಾಲ್‌ಗೆ ಬೆಂಗಳೂರಿನಿಂದ ಬಂದಿದ್ದ ಹುಡುಗನೊಬ್ಬ ಇಶಾ ನಮಾಝ್ ಮುಗಿದ ಮೇಲೂ ಮಸೀದಿಯ ಜಗಲಿಯಲ್ಲೇ ಕೂತಿದ್ದ. ನಮ್ಮ ಮದ್ರಸದಲ್ಲಿ ಕಲಿತವನು, ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಏಳು ವರ್ಷ ಆಯಿತು. "ಉಸ್ತಾದ್, ಲ್ಯಾಪ್‌ಟಾಪ್ ತೆರೆಯಲಿಕ್ಕೇ ಮನಸ್ಸು ಬರುವುದಿಲ್ಲ. ಒಂದು ಗಂಟೆಯಲ್ಲಿ ಬರೆಯುತ್ತಿದ್ದ ಕೋಡ್‌ಗೆ ಈಗ ಇಡೀ ದಿನ ಬೇಕು. ನಾನು ಈ ಕೆಲಸಕ್ಕೆ ಆಗುವವನೇ ಅಲ್ಲವೇನೋ" ಎಂದ. ನಾವು ಹೇಳಿದ್ದು ಇಷ್ಟೇ: "ಸಬರ್ ಮಾಡು ಮೋನೆ, ಇಷ್ಟು ಸಂಬಳ ಯಾರಿಗೆ ಸಿಗುತ್ತದೆ?" ಅವನು ತಲೆಯಾಡಿಸಿ ಎದ್ದು ಹೋದ.

ನಾವು ಹೇಳಿದ್ದು ತಪ್ಪು. ಸಬರ್ ಎಂದರೆ ಬಾಯಿ ಮುಚ್ಚಿಕೊಂಡು ಸವೆಯುವುದಲ್ಲ. ದಿನವೂ ಉಪವಾಸ, ರಾತ್ರಿಯಿಡೀ ನಮಾಝ್ ಎಂದು ಹಟ ಹಿಡಿದಿದ್ದ ಅಬ್ದುಲ್ಲಾಹ್ ಇಬ್ನು ಅಮ್ರ್(ರ) ಅವರಿಗೆ ದೇಹಕ್ಕೂ ಕಣ್ಣಿಗೂ ಮನೆಯವರಿಗೂ ಹಕ್ಕಿದೆ ಎಂದು ಪ್ರವಾದಿ(ಸ) ತಿಳಿಹೇಳಿದರು. ಇಬಾದತ್ತಿಗೇ ಮಿತಿ ಇರುವಾಗ ಕಂಪೆನಿ ಕೆಲಸಕ್ಕೆ ಬೇಡವೇ?

ಇದು ಸೋಮಾರಿತನವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ 'ಬರ್ನೌಟ್' ಎಂಬುದನ್ನು ವಿವರಿಸಿದೆ: ತೀರದ ದಣಿವು, ಕೆಲಸದ ಮೇಲೆ ಜಿಗುಪ್ಸೆ, ಕೈಯಲ್ಲಿ ಆಗುತ್ತಿಲ್ಲ ಎಂಬ ಅನಿಸಿಕೆ. ಅದು ಕೆಲಸದ ಜಾಗದ ಒತ್ತಡದಿಂದ ಹುಟ್ಟುವಂಥದ್ದು.

ನಮ್ಮ ಮಕ್ಕಳಿಗೆ ಇನ್ನೂ ಒಂದು ಹೊರೆ ಇದೆ. ಉಪ್ಪ ಗಲ್ಫ್‌ನಲ್ಲಿ ದುಡಿದು ಇಂಜಿನಿಯರಿಂಗ್ ಓದಿಸಿರುತ್ತಾರೆ. ಮನೆಯ ಸಾಲ, ತಂಗಿಯ ಮದುವೆ ಎಲ್ಲ ಇವನ ಲೆಕ್ಕಕ್ಕೆ. ಸಾಕಾಯಿತು ಎಂದು ಅವನು ಯಾರ ಹತ್ತಿರ ಹೇಳಬೇಕು?

ಯುವಕರಲ್ಲಿ ನಮ್ಮ ವಿನಂತಿ: ಬೇಸರದ ರಾತ್ರಿಯಲ್ಲಿ ರಾಜೀನಾಮೆ ಬರೆಯಬೇಡಿ. ಮೊದಲು ರಜೆ ಹಾಕಿ, ಸರಿಯಾಗಿ ನಿದ್ದೆ ಮಾಡಿ. ಬೇಡವಾದದ್ದು ಈ ವೃತ್ತಿಯೋ, ಈ ಕಂಪೆನಿಯೋ ಎಂದು ಆಮೇಲೆ ಯೋಚಿಸಿ. ಬಿಡುವುದೇ ಆದರೆ ಕೆಲವು ತಿಂಗಳ ಖರ್ಚಿಗೆ ಕೂಡಿಟ್ಟುಕೊಂಡು ಬಿಡಿ. ಒಂಟೆಯನ್ನು ಕಟ್ಟಿದ ಮೇಲೆಯೇ ತವಕ್ಕುಲ್. ನಿದ್ದೆಯೇ ಬಾರದಿದ್ದರೆ, ಬದುಕೇ ಬೇಡ ಅನಿಸಿದರೆ ತಡಮಾಡದೆ ಡಾಕ್ಟರನ್ನು ಕಾಣಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ದುಆ ಬೇಕು, ಮದ್ದೂ ಬೇಕು.

ಹೆತ್ತವರಿಗೂ ಒಂದು ಮಾತು. ಫೋನ್ ಮಾಡಿದಾಗ ಸಂಬಳ ಬಂತಾ ಎಂದು ಕೇಳುವ ಮೊದಲು, ನಿನ್ನೆ ನಿದ್ದೆ ಬಂತಾ ಎಂದು ಕೇಳಿ. ಮದುವೆಯ ದುಂದು ಕಡಿಮೆ ಮಾಡಿದರೆ ಮಗನ ಹೊರೆ ಅರ್ಧ ಇಳಿಯುತ್ತದೆ. ಇದನ್ನು ಜಮಾಅತಿನವರೂ ಯೋಚಿಸಬೇಕು.

ಆ ಹುಡುಗನಿಗೆ ಮೊನ್ನೆ ನಾವೇ ಫೋನ್ ಮಾಡಿದೆವು. ಈ ಸಲ ಉಪದೇಶ ಮಾಡಲಿಲ್ಲ. ಅವನು ಮುಕ್ಕಾಲು ಗಂಟೆ ಮಾತಾಡಿದ, ನಾವು ಕೇಳಿದೆವು.