ದ್ರಾವಕಶೇಷದ ಪರೀಕ್ಷೆಯಲ್ಲಿ ವಿಧಾನದ ಆಯ್ಕೆ

ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಬಣ್ಣಕ್ಕೆ ದೇಶವಿದೇಶಗಳಲ್ಲಿ ಬೇಡಿಕೆಯಿರುವುದು ರೈತರಿಗೆ ತಿಳಿದ ಸಂಗತಿಯೇ. ಆ ಬಣ್ಣವನ್ನು ಓಲಿಯೋರೆಸಿನ್ ಎಂಬ ಮಂದವಾದ ಎಣ್ಣೆಯ ರೂಪದಲ್ಲಿ ತೆಗೆಯುವಾಗ ಹೆಕ್ಸೇನ್ ಮೊದಲಾದ ದ್ರಾವಕಗಳನ್ನು ಉಪಯೋಗಿಸುವುದುಂಟು. ಬಳಿಕ ದ್ರಾವಕವನ್ನು ಆವಿಯಾಗಿಸಿ ಹಿಂತೆಗೆಯುವರಾದರೂ ಅದರ ಲವಲೇಶವು ಪದಾರ್ಥದಲ್ಲಿ ಉಳಿಯಬಹುದು. ಅಮೆರಿಕದ ನಿಯಮದಂತೆ ಸಾಂಬಾರ ಪದಾರ್ಥಗಳ ಓಲಿಯೋರೆಸಿನ್ನಿನಲ್ಲಿ ಹೆಕ್ಸೇನು ಹತ್ತು ಲಕ್ಷ ಭಾಗಕ್ಕೆ 25 ಭಾಗಗಳನ್ನು ಮೀರಕೂಡದು.

ಇಷ್ಟು ಸ್ವಲ್ಪವಾದ ಅಂಶವನ್ನು ಅಳೆಯುವುದಕ್ಕೆ, ದ್ರವಪ್ರವಾಹದಲ್ಲಿ ಅಂಶಗಳನ್ನು ಬೇರ್ಪಡಿಸುವ ಲಿಕ್ವಿಡ್ ಕ್ರೊಮ್ಯಾಟೋಗ್ರಫಿಯೇ ಸಾಕೆಂದು ಭಾವಿಸುವವರುಂಟು. ಅರಿಸಿನದ ಕರ್ಕ್ಯುಮಿನ್, ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್, ಶೇಂಗಾದಲ್ಲಿ ಬೂಷ್ಟಿನಿಂದ ಹುಟ್ಟುವ ಅಫ್ಲಟಾಕ್ಸಿನ್ ವಿಷ ಇವುಗಳನ್ನು ಆ ಯಂತ್ರವು ಚೆನ್ನಾಗಿ ಅಳೆಯುವುದೇ ಈ ಭಾವನೆಗೆ ಕಾರಣವು. ಆದರೆ ಒಂದು ಕಾರ್ಯಕ್ಕೆ ಸಮರ್ಥವಾದುದು ಎಲ್ಲಾ ಕಾರ್ಯಕ್ಕೂ ಸಮರ್ಥವಾಗಲಾರದು. ಅದರ ಸಾಮಾನ್ಯ ಶೋಧಕವು, ಪದಾರ್ಥವು ನೇರಳಾತೀತ ಬೆಳಕನ್ನು ಹೀರುವುದರಿಂದ ಅದರ ಇರವನ್ನು ಅರಿಯುವುದು. ಹೆಕ್ಸೇನಾದರೋ ಈ ಶೋಧಕಗಳು ವಾಡಿಕೆಯಾಗಿ ಬಳಸುವ ಬೆಳಕನ್ನು ಹೀರುವುದೇ ಇಲ್ಲ. ಆದಕಾರಣವೇ ಕೆಲವು ಪರೀಕ್ಷೆಗಳಲ್ಲಿ ಹೆಕ್ಸೇನನ್ನೇ ವಾಹಕದ್ರವವಾಗಿ ಆ ಯಂತ್ರದೊಳಗೆ ಹರಿಯಿಸುವರು. ಇಂತಹ ಶೋಧಕವು ಹೆಕ್ಸೇನ್ ಕಂಡುಬಂದಿಲ್ಲವೆಂದು ತಿಳಿಸಿದರೆ ಆ ವರದಿಯನ್ನು ನಂಬುವುದು ಹೇಗೆ?

ಹೆಕ್ಸೇನ್ ಸುಮಾರು 69 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಕುದಿಯತಕ್ಕದ್ದು. ಆದುದರಿಂದ ಮಾದರಿಯನ್ನು ಬಿಗಿಯಾಗಿ ಮುಚ್ಚಿದ ಸೀಸೆಯಲ್ಲಿ ಕಾಯಿಸಿ, ಮೇಲೆ ಸೇರಿದ ಆವಿಯನ್ನು ಅನಿಲಪ್ರವಾಹದಿಂದ ನಡೆಯುವ ಗ್ಯಾಸ್ ಕ್ರೊಮ್ಯಾಟೋಗ್ರಫಿಯಲ್ಲಿ ಪರೀಕ್ಷಿಸುವುದೇ ಯುಕ್ತವು. ಜಿಡ್ಡು ಸೀಸೆಯಲ್ಲಿಯೇ ಉಳಿಯುವುದರಿಂದ ಯಂತ್ರಕ್ಕೂ ಕ್ಷೇಮ. 153 ಡಿಗ್ರಿಯಲ್ಲಿ ಕುದಿಯುವ ಡೈಮೀಥೈಲ್ ಫಾರ್ಮಮೈಡಿನಂತಹ, ಬೇಗನೆ ಆವಿಯಾಗದ ಮತ್ತು ನೇರಳಾತೀತ ಬೆಳಕನ್ನು ಹೀರುವ ದ್ರಾವಕಗಳಿಗೆ ಮಾತ್ರ ದ್ರವವಿಧಾನವನ್ನು ಆರಿಸಿಕೊಳ್ಳಬಹುದು.

ಕೈಯಲ್ಲಿರುವ ಯಂತ್ರಕ್ಕೆ ತಕ್ಕಂತೆ ಪರೀಕ್ಷೆಯನ್ನು ಹೊಂದಿಸದೆ, ಹುಡುಕುವ ಪದಾರ್ಥದ ಗುಣಕ್ಕೆ ತಕ್ಕ ವಿಧಾನವನ್ನು ಆರಿಸತಕ್ಕದ್ದು. ಯಾವ ವಿಧಾನವನ್ನು ಆರಿಸಿದರೂ, ದ್ರಾವಕವಿಲ್ಲದ ಮಾದರಿಗೆ ತಿಳಿದ ಪ್ರಮಾಣದ ದ್ರಾವಕವನ್ನು ಬೆರೆಸಿ, ಅಷ್ಟೂ ಲೆಕ್ಕಕ್ಕೆ ಸಿಕ್ಕುವುದೇ ಎಂದು ಮೊದಲು ನೋಡಬೇಕು. ಸರಕನ್ನು ಮಾರುವವರೂ ವರದಿಯಲ್ಲಿ ಫಲಿತಾಂಶದೊಡನೆ ವಿಧಾನದ ಹೆಸರನ್ನೂ, ಅದು ಕಾಣಬಲ್ಲ ಕನಿಷ್ಠ ಪ್ರಮಾಣವನ್ನೂ ಕೇಳಿ ಪಡೆಯುವುದೊಳಿತು. ತಪ್ಪು ವರದಿಯನ್ನು ನಂಬಿ ಕಳುಹಿಸಿದ ಸರಕು ಬಂದರಿನಿಂದ ಹಿಂದಿರುಗಿದರೆ, ಆ ನಷ್ಟವು ಕಾರ್ಖಾನೆಯ ಬಾಗಿಲಲ್ಲಿ ನಿಲ್ಲದೆ ಮುಂದಿನ ಮಾರುಕಟ್ಟೆಯ ಧಾರಣೆಯಲ್ಲಿ ರೈತನನ್ನೂ ಮುಟ್ಟಬಹುದು.